ಪಿನ್ನಿನ ಜಾಗದಲ್ಲೊಂದು ಬೋಲ್ಟು

ಅವಳನ್ನು ಎಲ್ಲರೂ ಕೊಂಡಿ ಅಕ್ಕ ಎಂದೇ ಕರೆಯುತ್ತಿದ್ದರು. ಕಾರು, ಜೀಪು, ಪಿಕಪ್ ಗಾಡಿಗಳ ಹಿಂಭಾಗಕ್ಕೆ ಟ್ರೇಲರ್ ಎಳೆಯುವ ಕೊಂಡಿ ಕೂರಿಸುವುದು ಅವಳ ಕಸುಬು. ಇಪ್ಪತ್ತೆರಡು ವರ್ಷದಿಂದ ಬೇರೆ ಕೆಲಸ ಮಾಡಿದವಳಲ್ಲ. ಪಕ್ಕದ ಟೈರ್ ಅಂಗಡಿಯವನು ಹೊಸ ಗಿರಾಕಿಗಳಿಗೆ ದಾರಿ ತೋರಿಸುವಾಗ, "ಚೇಳಿಗೆ ಕೊಂಡಿ ಬಾಲದಲ್ಲಿರುತ್ತೆ, ನಮ್ಮಕ್ಕನಿಗೆ ನಾಲಿಗೇಲಿ. ನೋಡ್ಕೊಂಡು ಮಾತಾಡಿ" ಎನ್ನುತ್ತಿದ್ದ. ಅದು ಅವಳಿಗೆ ಕೇಳಿಸುತ್ತಿತ್ತು. ಕೇಳಿಸುತ್ತದೆ ಎಂದು ಅವನಿಗೂ ಗೊತ್ತಿತ್ತು.

ಶೆಡ್ಡು ಅಪ್ಪನದು. ಅಪ್ಪ ಗೇಟು, ಕಿಟಕಿ ಸರಳು ಬೆಸೆಯುತ್ತಿದ್ದವನು. ಮಗನಿಗೆ ಬೆಂಕಿಯ ಕಿಡಿ ಕಂಡರೆ ಆಗುತ್ತಿರಲಿಲ್ಲ. ಮಗಳು ಹತ್ತನೇ ವಯಸ್ಸಿಗೇ ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದಳು. ಮುಂದೆ ಮದುವೆಯಾಗಿ ನಾಲ್ಕು ವರ್ಷ ಬೇರೆ ಊರಿನಲ್ಲಿದ್ದು ವಾಪಸ್ಸು ಬಂದಳು. ಯಾಕೆ ಎಂದು ಕೇಳಿದವರಿಗೆ, "ಅಳತೆ ಸರಿ ಬರಲಿಲ್ಲ" ಎಂದಳು. ಅದಕ್ಕಿಂತ ಹೆಚ್ಚಿನ ವಿವರ ಅವಳ ಬಾಯಿಂದ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ಅಪ್ಪ ಹೋದ ಮೇಲೆ ಗೇಟಿನ ಕೆಲಸ ಬಿಟ್ಟು ಕೊಂಡಿಯ ಕೆಲಸ ಹಿಡಿದಳು. ಮೋಟಾರು ಇಲಾಖೆಯ ಪರೀಕ್ಷೆ ಬರೆದು ಅಧಿಕೃತ ಫಿಟ್ಟರ್ ಎಂಬ ಮುದ್ರೆಯನ್ನೂ ಪಡೆದಳು. ಆ ಮುದ್ರೆ ಬಿದ್ದ ಕಾಗದವಿಲ್ಲದೆ ಯಾವ ಗಾಡಿಯೂ ಟ್ರೇಲರ್ ಎಳೆಯುವಂತಿಲ್ಲ.

ಎತ್ತರ ಬದಲಿಸುವ ಕೊಂಡಿಗಳು ಬಂದ ಮೇಲೆ ಅವಳ ಕೆಲಸ ಹೆಚ್ಚಿತು, ಮಾತೂ ಹೆಚ್ಚಿತು. ಗಾಡಿಯ ಚಾಸಿಗೆ, ಅಂದರೆ ಅಡಿಯ ಚೌಕಟ್ಟಿಗೆ, ಬಿಗಿದ ಉಕ್ಕಿನ ತೋಳು, ಅದರ ತುದಿಯಲ್ಲಿ ಸಾಲು ತೂತುಗಳಿರುವ ನೆಟ್ಟಗಿನ ಪಟ್ಟಿ. ಪಟ್ಟಿಯ ಮೇಲೆ ಗುಂಡು ಕೂತ ತುಂಡೊಂದನ್ನು ಮೇಲಕ್ಕೋ ಕೆಳಕ್ಕೋ ಸರಿಸಿ, ಬೇಕಾದ ತೂತಿಗೆ ದಪ್ಪ ಪಿನ್ನು ತೂರಿಸಿ, ಪಿನ್ನಿನ ತಲೆಗೆ ಕ್ಲಿಪ್ಪು ಸಿಕ್ಕಿಸಬೇಕು. ಟ್ರೇಲರಿನ ಮೂತಿ ಆ ಗುಂಡಿನ ಮೇಲೆ ಕೂರುತ್ತದೆ. ಪಿನ್ನು ಬಿಟ್ಟರೆ ಆ ತುಂಡನ್ನು ಹಿಡಿದಿಡುವುದು ಬೇರೆ ಏನೂ ಇಲ್ಲ. ಅದೂ ಕೈಕೊಟ್ಟರೆ ಎಂದು ಟ್ರೇಲರಿನ ಚೈನನ್ನು ನೇರ ಚಾಸಿಗೇ ಸಿಕ್ಕಿಸಬೇಕು.

"ಇದು ಕಾನೂನು ಪ್ರಕಾರ ನಡೆಯುತ್ತಾ ಅಕ್ಕ?" ಎಂದು ಗಿರಾಕಿಗಳು ಕೇಳುತ್ತಿದ್ದರು.

"ಇಲ್ಲಿ ನೋಡು, ಇಲಾಖೆ ಮುದ್ರೆ ಒತ್ತಿದ ತಗಡು. ಎಷ್ಟು ತೂಕ ಎಳೀಬಹುದು ಅಂತ ಬರೆದಿದೆ. ಈ ತಗಡಿದ್ರೆ ನಡೆಯುತ್ತೆ, ಇಲ್ದಿದ್ರೆ ಇಲ್ಲ. ಗುಂಡು ನೆಲದಿಂದ ಮೂವತ್ತೈದರಿಂದ ನಲವತ್ತೆರಡು ಸೆಂಟಿಮೀಟರ್ ಒಳಗೇ ಇರ್ಬೇಕು, ಅದೂ ಗಾಡಿ ತುಂಬಿರೋವಾಗ ಅಳೆದು. ಟ್ರೇಲರ್ ಇಲ್ಲದಾಗ ಬಿಚ್ಚಿ ಒಳಗಿಡು. ನಂಬರ್ ಪ್ಲೇಟ್ ಮುಚ್ಚಿಕೊಂಡ್ರೆ ಪೊಲೀಸ್ ಹಿಡೀತಾನೆ."

"ಪೊಲೀಸ್ ಹಿಡೀದೇ ಇದ್ರೆ?"

"ನಿನ್ನ ಮೊಣಕಾಲು ಹಿಡಿಯುತ್ತೆ. ಕತ್ತಲಲ್ಲಿ ಒಂದು ಸಲ ಬಡಿಸ್ಕೊಂಡು ನೋಡು, ಕಾನೂನು ತಾನಾಗೇ ಅರ್ಥ ಆಗುತ್ತೆ."

ಅವಳಿಗಿಂತ ಆರು ವರ್ಷ ಚಿಕ್ಕವನಾದ ತಮ್ಮನಿಗೆ ಒಂದು ಪಿಕಪ್ ಗಾಡಿಯಿತ್ತು. ಮನೆ ಕಟ್ಟುವ ಸೈಟುಗಳಿಗೆ ಜನರೇಟರ್ ಎಳೆದುಕೊಂಡು ಹೋಗಿ ಬಿಡುವುದು, ಕೆಲಸ ಮುಗಿದ ಮೇಲೆ ಎಳೆದು ತರುವುದು ಅವನ ಬಾಡಿಗೆ. ಒಂದೊಂದು ಟ್ರೇಲರಿನ ಮೂತಿ ಒಂದೊಂದು ಎತ್ತರ. ಹಾಗಾಗಿ ಅವನಿಗೂ ಎತ್ತರ ಬದಲಿಸುವ ಕೊಂಡಿಯೇ ಬೇಕಾಯಿತು. ಅದನ್ನು ಅಕ್ಕನೇ ಕೂರಿಸಿಕೊಟ್ಟಳು. ಎಲ್ಲರಿಗೂ ಕೊಡುವಂತೆ ಕಾಗದ ಕೊಟ್ಟಳು, ಎಲ್ಲರಿಗೂ ಕೊಡದ ಎರಡು ಹೆಚ್ಚುವರಿ ಪಿನ್ನನ್ನೂ ಕೊಟ್ಟಳು. ತಮ್ಮ ಪಿನ್ನುಗಳನ್ನು ಜೇಬಿಗೆ ಹಾಕಿಕೊಂಡು, "ನಿನ್ನ ಭಾಷಣ ನಂಗೆ ಬಾಯಿಪಾಠ ಆಗಿದೆ, ಬಿಡು" ಎಂದು ನಕ್ಕ. ಅವನು ನಗುಮುಖದವನು. ಸೈಟುಗಳಲ್ಲಿ ಅವನನ್ನು ಕಂಡರೆ ಎಲ್ಲರಿಗೂ ಇಷ್ಟ.

ಅಮ್ಮ ಇದ್ದದ್ದು ತಮ್ಮನ ಮನೆಯಲ್ಲಿ. ಭಾನುವಾರ ಮಧ್ಯಾಹ್ನ ಅಕ್ಕ ಅಲ್ಲಿಗೆ ಊಟಕ್ಕೆ ಹೋಗುವುದು ವಾಡಿಕೆ. ಆ ಭಾನುವಾರ ಮನೆಯ ಮುಂದೆ ಪಿಕಪ್ಪು ನಿಂತಿತ್ತು. ಮರುದಿನದ ಸೈಟಿಗೆಂದು ಜನರೇಟರನ್ನು ಆಗಲೇ ಹಿಂದೆ ಕಟ್ಟಿಯಾಗಿತ್ತು. ಚಪ್ಪಲಿ ಬಿಡುವ ಮೊದಲು ಬಗ್ಗಿ ನೋಡುವುದು ಅವಳ ಚಾಳಿ. ನೋಡಿದಳು. ಪಿನ್ನಿನ ಜಾಗದಲ್ಲಿ ಒಂದು ಬೋಲ್ಟು ಇತ್ತು. ಸೈಟಿನಲ್ಲಿ ಸೆಂಟ್ರಿಂಗ್ ತಗಡು ಬಿಗಿಯಲು ಬಳಸುವಂಥದ್ದು. ತುದಿಯಲ್ಲಿ ತುಕ್ಕು ಹಿಡಿದ ನಟ್ಟು.

"ಪಿನ್ನೆಲ್ಲೋ?" ಎಂದಳು.

ತಮ್ಮ ಬಾಗಿಲಲ್ಲಿ ನಿಂತು ತಲೆ ಒರೆಸಿಕೊಳ್ಳುತ್ತಿದ್ದ. "ಮರಳಲ್ಲಿ ಬಿದ್ದೋಯ್ತಕ್ಕ. ಎಲ್ಲಿ ಅಂತ ಕೆದಕಲಿ."

"ಇನ್ನೊಂದು?"

"ಅದು ಅದಕ್ಕೂ ಮುಂಚೆ ಬಿದ್ದೋಯ್ತು."

"ಬೋಲ್ಟು ಪಿನ್ನಲ್ಲ ಕಣೋ. ಇದರ ಉಕ್ಕು ಮೆತ್ತಗೆ. ತಿರುಪಿನ ಗೆರೆ ಇರೋ ಜಾಗದಲ್ಲೇ ಕತ್ತರಿಸಿಕೊಳ್ಳುತ್ತೆ. ಚೈನು ಬೇರೆ ಈ ತುಂಡಿಗೇ ಸಿಕ್ಕಿಸಿದೀಯ. ಚಾಸಿಗೆ ಹಾಕು ಅಂದಿದ್ನಲ್ಲ."

"ನಾಳೆ ಬೆಳಿಗ್ಗೆ ನಿನ್ ಶೆಡ್ ಹತ್ರ ಬಂದು ಎಲ್ಲಾ ಸರಿ ಮಾಡಿಸ್ಕೊಂಡೇ ಹೋಗ್ತೀನಿ. ಆಯ್ತಾ?"

ಶೆಡ್ಡಿಗೆ ಅಲ್ಲಿಂದ ಎಂಟು ನಿಮಿಷದ ನಡಿಗೆ. ಬೀಗದ ಕೈ ಅವಳ ಚೀಲದಲ್ಲೇ ಇತ್ತು. ಒಳಗಿನಿಂದ ಅಮ್ಮ, "ಬಂದ ತಕ್ಷಣ ಶುರು ಮಾಡಿದ್ಯಾ? ಬಡಿಸಿಯಾಗಿದೆ, ತಣ್ಣಗಾಗುತ್ತೆ" ಎಂದಳು. ಅವಳಿಗೂ ಹಸಿವಾಗಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋದಳು.

ಸೋಮವಾರ ತಮ್ಮ ಬರಲಿಲ್ಲ. ಮಂಗಳವಾರ ಅವಳಿಗೆ ನೆನಪಾಗಿ ಒಂದು ಪಿನ್ನು, ಒಂದು ಕ್ಲಿಪ್ಪು ತೆಗೆದು ಕಿಟಕಿಯ ಮೇಲಿಟ್ಟಳು. ಬುಧವಾರ ಎರಡು ಜೀಪುಗಳ ಕೆಲಸವಿತ್ತು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ತಮ್ಮನ ಹೆಂಡತಿಯ ಫೋನು ಬಂತು.

"ಅತ್ತಿಗೆ, ಸೇತುವೆ ಇಳಿಜಾರಲ್ಲಿ ಜನರೇಟರ್ ಕಳಚಿಕೊಂಡ್ಬಿಟ್ಟಿದೆಯಂತೆ. ಯಾರಿಗೋ ಬಡಿದಿದೆಯಂತೆ."

ಅವಳು ಟೈರ್ ಅಂಗಡಿಯವನ ಬೈಕಿನ ಹಿಂದೆ ಕೂತು ಹೋದಳು. ಇಳಿಜಾರಿನ ತಳದಲ್ಲಿ ಬಸ್‌ ನಿಲ್ದಾಣವಿತ್ತು. ಅದರ ಒಂದು ಕಂಬ ಬಾಗಿ, ತಗಡಿನ ಚಾವಣಿ ಕಿವಿಯಂತೆ ಜೋಲುತ್ತಿತ್ತು. ಜನರೇಟರ್ ಮಗ್ಗುಲಾಗಿ ಬಿದ್ದು, ಡೀಸಲ್ಲು ಸಣ್ಣ ಗೆರೆಯಾಗಿ ಚರಂಡಿಯ ಕಡೆ ಹರಿಯುತ್ತಿತ್ತು. ಪೆಟ್ಟಾದವನನ್ನು ಆಗಲೇ ಆಸ್ಪತ್ರೆಗೆ ಒಯ್ದಿದ್ದರು. ಬಸ್ಸಿಗೆ ಕಾಯುತ್ತಿದ್ದ ಒಬ್ಬ ದರ್ಜಿ, ಅವನ ಎಡಗಾಲು ಹೋದಂತೆಯೇ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ತಮ್ಮ ಫುಟ್‌ಪಾತಿನ ಅಂಚಿನಲ್ಲಿ ಕೂತಿದ್ದ. ಯಾರೋ ಕೊಟ್ಟ ನೀರಿನ ಬಾಟಲಿಯನ್ನು ಮುಚ್ಚಳ ತೆಗೆಯದೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಅವಳು ಅವನ ಹತ್ತಿರ ಹೋಗಲಿಲ್ಲ. ಪಿಕಪ್ಪಿನ ಹಿಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತಳು. ಪಟ್ಟಿಯ ಮೇಲಿಂದ ಮೂರನೇ ತೂತಿನಲ್ಲಿ ಬೋಲ್ಟಿನ ಅರ್ಧ ಇನ್ನೂ ಸಿಕ್ಕಿಕೊಂಡಿತ್ತು. ಕತ್ತರಿಸಿದ ಮುಖ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು. ಅವಳು ಅದನ್ನು ಮುಟ್ಟಲಿಲ್ಲ.

"ಯಾರಮ್ಮ ನೀನು?" ಎಂದು ಪೊಲೀಸಿನವನು ಕೇಳಿದ.

"ಇದನ್ನ ಕೂರಿಸಿದವಳು."

ಅವನು ಅವಳ ನಂಬರು ಬರೆದುಕೊಂಡ.

ವಿಚಾರಣೆ ಮೂರು ವಾರದ ನಂತರ ಎಂದು ಕಾಗದ ಬಂತು. ಅಷ್ಟರಲ್ಲಿ ತಮ್ಮ ತನ್ನ ಹೇಳಿಕೆ ಕೊಟ್ಟಾಗಿತ್ತು. ಅಕ್ಕ ಕೂರಿಸಿಕೊಟ್ಟ ಹಾಗೇ ಇತ್ತು, ನಾನೇನೂ ಮುಟ್ಟಿಲ್ಲ ಎಂದಿದ್ದ. ಅದು ಅವಳಿಗೆ ಗೊತ್ತಾದದ್ದು ಅಮ್ಮನಿಂದ. ವಿಚಾರಣೆಯ ಹಿಂದಿನ ದಿನ ಸಂಜೆ ಅಮ್ಮ ತಾನಾಗಿ ಶೆಡ್ಡಿಗೆ ಬಂದಳು. ಅಪ್ಪ ಸತ್ತ ಮೇಲೆ ಅಲ್ಲಿಗೆ ಕಾಲಿಟ್ಟವಳಲ್ಲ. ಕಂಪ್ರೆಸರಿನ ಪಕ್ಕದ ಸ್ಟೂಲನ್ನು ಸೆರಗಿನಿಂದ ಒರೆಸಿ ಕೂತಳು.

"ಅವನು ಹೆದರಿ ಹಾಗಂದಿದಾನೆ. ಮನಸ್ಸಲ್ಲಿ ಇಟ್ಕೋಬೇಡ."

"ಇಟ್ಕೊಂಡಿಲ್ಲ."

"ನಿನ್ನ ಹತ್ರ ಕಾಗದ ಇದೆ. ಕೊಂಡಿ ಸರಿಯಾಗೇ ಕೂರಿಸಿದೆ ಅಂತ ತೋರಿಸು. ನಿನಗೇನೂ ಆಗಲ್ಲ. ಆ ಬೋಲ್ಟು ಯಾರು ಹಾಕಿದ್ರೋ ಗೊತ್ತಿಲ್ಲ ಅಂದ್ಬಿಡು. ಸೈಟಲ್ಲಿ ನೂರು ಜನ ಓಡಾಡ್ತಾರೆ. ಯಾರೋ ಹಾಕಿರಬಹುದು."

ಅವಳು ಕಂಪ್ರೆಸರಿನ ಪೈಪು ಸುತ್ತಿಡತೊಡಗಿದಳು. ಅಮ್ಮ ಅದನ್ನೇ ಒಪ್ಪಿಗೆ ಎಂದುಕೊಂಡಳೋ ಏನೋ, ಹೊರಡುವಾಗ ಅವಳ ಬೆನ್ನು ಸವರಿ ಹೋದಳು. ಆ ಸವರಿದ್ದು ತನಗೆ ಬಟ್ಟೆಯ ಮೇಲೆ ಮಾತ್ರ ಗೊತ್ತಾಯಿತು ಎಂದು ಅವಳು ಆಮೇಲೊಮ್ಮೆ ಹೇಳಿದ್ದಳು.

ವಿಚಾರಣೆ ನಡೆದದ್ದು ಮೋಟಾರು ಕಚೇರಿಯ ಎರಡನೇ ಮಹಡಿಯಲ್ಲಿ. ಉದ್ದ ಮೇಜು, ಅದರ ಮೇಲೆ ಪ್ಲಾಸ್ಟಿಕ್ ಕವರಿನೊಳಗೆ ಬೋಲ್ಟಿನ ಎರಡು ತುಂಡು. ಅಧಿಕಾರಿ ವಯಸ್ಸಾದವರು, ಮೆಲುದನಿ. ಕಿಟಕಿಯ ಬಳಿ ಹೇಳಿಕೆ ಟೈಪ್ ಮಾಡುವ ಗುಮಾಸ್ತ. ಗೋಡೆಯ ಪಕ್ಕದ ಬೆಂಚಿನಲ್ಲಿ ತಮ್ಮ, ಅವನ ವಕೀಲ, ಅಮ್ಮ. ಕೊಂಡಿಗೆ ಇಲಾಖೆಯ ಮುದ್ರೆಯಿದೆಯೇ, ತೂಕ ಮಿತಿಯೊಳಗಿತ್ತೇ, ಎತ್ತರ ಎಷ್ಟಿತ್ತು ಎಂದು ಅಧಿಕಾರಿ ಒಂದೊಂದಾಗಿ ಕೇಳಿದರು. ಎಲ್ಲವೂ ಸರಿಯಾಗಿತ್ತು. ಅವಳು ಕಾಗದ ಮುಂದಿಟ್ಟಳು. ಪಿನ್ನಿಗೂ ಬೋಲ್ಟಿಗೂ ಏನು ವ್ಯತ್ಯಾಸ ಎಂದು ಕೇಳಿದಾಗ ತಾನು ತಂದಿದ್ದ ಪಿನ್ನನ್ನು ಮೇಜಿನ ಮೇಲಿಟ್ಟು, ಅದರ ತಲೆಯ ಮೇಲೆ ಒತ್ತಿದ್ದ ಅಂಕಿಯನ್ನು ತೋರಿಸಿ ವಿವರಿಸಿದಳು. ಅಧಿಕಾರಿ ತಲೆದೂಗಿದರು. ಕೊನೆಗೆ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದರು. ಕೇಳುತ್ತಲೇ ಫೈಲು ಮುಚ್ಚುವುದಕ್ಕೆ ಕೈ ಹಾಕಿದ್ದರು.

"ಅಪಘಾತಕ್ಕೆ ಮೊದಲು ಈ ಬೋಲ್ಟನ್ನ ನೀವು ನೋಡಿರಲಿಲ್ಲ ಅಲ್ವಾ?"

"ನೋಡಿದ್ದೆ."

ಅಧಿಕಾರಿಯ ಕೈ ಫೈಲಿನ ಮೇಲೇ ನಿಂತಿತು.

"ಭಾನುವಾರ ಮಧ್ಯಾಹ್ನ ನೋಡಿದೆ. ತಮ್ಮನ ಮನೆ ಮುಂದೆ. ಪಿನ್ನು ಕಳೆದುಹೋಯ್ತು, ಬೋಲ್ಟು ಹಾಕಿದೀನಿ ಅಂತ ಅವನೇ ಹೇಳಿದ. ಚೈನು ಕೂಡ ತಪ್ಪು ಜಾಗಕ್ಕೆ ಹಾಕಿದ್ದ. ನಾಳೆ ಸರಿ ಮಾಡಿಸ್ಕೋತೀನಿ ಅಂದ."

"ನೀವೇನು ಮಾಡಿದ್ರಿ?"

"ಶೆಡ್ಡಲ್ಲಿ ಪಿನ್ನಿತ್ತು. ಹೋಗಿ ತರಬಹುದಿತ್ತು. ನಂಗೆ ಹಸಿವಾಗಿತ್ತು. ಊಟಕ್ಕೆ ಕೂತೆ."

ಗುಮಾಸ್ತ ಟೈಪ್ ಮಾಡುವುದನ್ನು ನಿಲ್ಲಿಸಿ ತಲೆಯೆತ್ತಿದ. "ಊಟದ್ದೂ ಬರೀಬೇಕಾ ಸರ್?"

"ಅವರು ಹೇಳಿದ್ದು ಬರೀರಿ" ಎಂದರು ಅಧಿಕಾರಿ.

ಅವಳು ಬೆಂಚಿನ ಕಡೆ ತಿರುಗಿ ನೋಡಲಿಲ್ಲ. ಟೈಪಿನ ಸದ್ದು ನಿಂತ ಮೇಲೆ ಕಾಗದವನ್ನು ಅವಳ ಮುಂದೆ ಸರಿಸಿದರು. ಪೂರ್ತಿ ಓದಿ, ಒಂದು ಕಡೆ ಸೋಮವಾರ ಎಂದಾಗಿದ್ದನ್ನು ಭಾನುವಾರ ಎಂದು ತಿದ್ದಿಸಿ, ಸಹಿ ಹಾಕಿದಳು. ಯಾಕೆ ಹೇಳಿದೆ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಸತ್ಯ ಹೇಳಬೇಕು ಎಂದು ನಿರ್ಧಾರ ಮಾಡಿಕೊಂಡು ಹೋದವಳಲ್ಲ. ಕೇಳಿದರು, ಬಾಯಿಂದ ಬಂತು, ಅಷ್ಟೆ.

ಅಧಿಕೃತ ಫಿಟ್ಟರ್ ಆದವರು ಅಪಾಯದ ಕೊಂಡಿ ಕಂಡರೆ ಅಲ್ಲೇ ಲಿಖಿತವಾಗಿ ಎಚ್ಚರಿಕೆ ಕೊಟ್ಟು ಗಾಡಿ ನಿಲ್ಲಿಸಬೇಕು ಎಂಬ ನಿಯಮವಿತ್ತು. ಅವಳು ಕೊಟ್ಟಿರಲಿಲ್ಲ. ಇಲಾಖೆ ಅವಳ ಮುದ್ರೆಯನ್ನು ಆರು ತಿಂಗಳು ಅಮಾನತಿನಲ್ಲಿಟ್ಟಿತು. ತಮ್ಮನ ಪ್ರಕರಣ ಕೋರ್ಟಿಗೆ ಹೋಯಿತು. ಮೊದಲು ಸುಳ್ಳು ಹೇಳಿದ್ದೂ ಸೇರಿ ಐದು ತಿಂಗಳ ಸಜೆ, ಎರಡು ವರ್ಷ ಲೈಸೆನ್ಸು ರದ್ದು.

ತೀರ್ಪಿನ ಮರುದಿನ ತಮ್ಮನ ಹೆಂಡತಿ ಶೆಡ್ಡಿಗೆ ಬಂದು, ಹಿಂದೆಂದೋ ಅಕ್ಕ ತಂದುಕೊಟ್ಟಿದ್ದ ಮೂರು ಡಬ್ಬಿಗಳನ್ನು ತೊಳೆದು ಒರೆಸಿ ವಾಪಸ್ಸು ಕೊಟ್ಟಳು.

"ಅಮ್ಮ ಕೊಟ್ಟು ಬಾ ಅಂದ್ರು" ಎಂದಳು. ಖಾಲಿ ಚೀಲ ಮಡಿಸುತ್ತ, "ನಂಗೆ ನಿಮ್ಮ ಮೇಲೆ ಕೋಪ ಇಲ್ಲ ಅತ್ತಿಗೆ. ಇದ್ರೂ ಮಾಡ್ಕೊಳೋಕೆ ಟೈಮಿಲ್ಲ. ನಾಳೆಯಿಂದ ಲಾಂಡ್ರೀಲಿ ಇಸ್ತ್ರಿ ಕೆಲಸಕ್ಕೆ ಹೋಗ್ತಿದೀನಿ" ಎಂದಳು.

"ಅಮ್ಮ ಏನಂತಾಳೆ?"

"ನಿಮ್ಮ ಹೆಸರು ತೆಗೆದ್ರೆ ಎದ್ದು ಬೇರೆ ಕೋಣೆಗೆ ಹೋಗ್ತಾರೆ. ನಮ್ಮನೇಲಿ ಇರೋದೇ ಎರಡು ಕೋಣೆ. ದಿನಾ ಓಡಾಡ್ತಾನೇ ಇರ್ತಾರೆ."

ಅಕ್ಕ ನಗುತ್ತಾಳೋ ಎಂದು ತಮ್ಮನ ಹೆಂಡತಿ ನೋಡಿದಳು. ಅಕ್ಕ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು ಕಪಾಟಿಗೆ ಸೇರಿಸಿದಳು.

ಕೆಲಸವಿಲ್ಲದ ಮೊದಲ ತಿಂಗಳು ಅವಳು ಶೆಡ್ಡಿನಲ್ಲಿದ್ದ ನಟ್ಟು ಬೋಲ್ಟುಗಳನ್ನೆಲ್ಲ ಅಳತೆ ಪ್ರಕಾರ ಬೇರೆ ಮಾಡಿದಳು. ಎರಡನೇ ತಿಂಗಳು ಗೋಡೆಗೆ ಬಣ್ಣ ಬಳಿದಳು. ಬಳಿದು ಮುಗಿದ ದಿನ ಟೈರ್ ಅಂಗಡಿಯವನು ಬಂದು, "ಪಾಪ ಅಂತ ಕರೀತಿಲ್ಲ, ಕೈ ಕಮ್ಮಿ ಬಿದ್ದಿದೆ" ಎಂದು ಚಕ್ರ ಸಮತೂಕ ಮಾಡುವ ಕೆಲಸಕ್ಕೆ ಕರೆದ. ಹೋದಳು. ಅವನಿಗೆ ಅವಳ ನಾಲಿಗೆಯ ಕುಟುಕು ಇಲ್ಲದೆ ದಿನ ಸಪ್ಪೆಯಾಗಿತ್ತು. ಬೇಕೆಂದೇ ಒಂದೆರಡು ಸಲ ನಟ್ಟು ತಿರುಗುಮುರುಗಾಗಿ ಹಾಕಿ ನೋಡಿದ. ಅವಳು ಏನೂ ಹೇಳದೆ ಬಿಚ್ಚಿ ಸರಿಯಾಗಿ ಹಾಕಿದಳು.

"ಏನಾಗಿದೆ ಅಕ್ಕ ನಿಂಗೆ?" ಎಂದು ಒಂದು ದಿನ ಕೇಳಿಯೇಬಿಟ್ಟ.

ಅವಳು ಕೈಯ ಗ್ರೀಸು ಒರೆಸಿಕೊಂಡಳು. "ಹಲ್ಲು ಕೀಳೋ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಹಾಗಿದೆ. ಮುಟ್ಟಿದ್ರೆ ಮುಟ್ಟಿದ್ದು ಗೊತ್ತಾಗುತ್ತೆ. ನೋವಾಗಲ್ಲ."

"ಅದು ಎರಡು ಗಂಟೇಲಿ ಇಳಿಯುತ್ತೆ."

"ಹೌದು, ಹಲ್ಲಿನ ಡಾಕ್ಟ್ರೂ ಹಾಗೇ ಹೇಳ್ತಾರೆ."

ಮೂರನೇ ತಿಂಗಳಲ್ಲಿ ಅವಳು ದರ್ಜಿಯನ್ನು ನೋಡಲು ಹೋದಳು. ಅವನ ಅಂಗಡಿ ಒಂದು ಮೆಟ್ಟಿಲ ಕೆಳಗಿನ ಸಣ್ಣ ಜಾಗ. ನಿಂತರೆ ಚಾವಣಿ ತಲೆಗೆ ತಾಗುತ್ತಿತ್ತು. ಎಡಗಾಲು ಮಂಡಿಯ ಕೆಳಗೆ ಇರಲಿಲ್ಲ. ಪ್ಯಾಂಟಿನ ಆ ಕಡೆಯನ್ನು ಅವನೇ ಮಡಿಸಿ ಅಚ್ಚುಕಟ್ಟಾಗಿ ಹೊಲಿದುಕೊಂಡಿದ್ದ. ತುಳಿಯುವ ಹೊಲಿಗೆ ಯಂತ್ರಕ್ಕೆ ಹೊಸದಾಗಿ ಸಣ್ಣ ಮೋಟಾರು ಜೋಡಿಸಿತ್ತು. ಅವಳು ತಾನು ಯಾರೆಂದು ಹೇಳಿದಳು. ಅವನು ಹಿಡಿದಿದ್ದ ಹೊಲಿಗೆಯನ್ನು ಕೊನೆಯವರೆಗೂ ಮುಗಿಸಿ, ದಾರ ಕತ್ತರಿಸಿ, ಆಮೇಲೆ, "ಕೂತ್ಕೊಳ್ಳಿ" ಎಂದ.

"ಪೇಪರಲ್ಲಿ ಬಂದಿತ್ತು. ನನ್ನ ಹೆಂಡತಿ ಓದಿದ್ಲು. ಊಟಕ್ಕೆ ಕೂತೆ ಅಂದ್ರಂತೆ."

"ಹೌದು."

"ಕ್ಷಮಿಸಿದೆ ಅಂತ ಹೇಳೋಕೆ ನಂಗೆ ಬರಲ್ಲ."

"ಕೇಳೋಕೆ ಬಂದಿಲ್ಲ."

"ಒಳ್ಳೇದು." ಅವನು ಕತ್ತರಿಸುವ ಹಲಗೆಯ ಮೇಲಿದ್ದ ಸೀಮೆಸುಣ್ಣದ ಬಿಲ್ಲೆಯನ್ನು ಅವಳ ಕಡೆ ತಳ್ಳಿದ. "ಆದ್ರೆ ಅದು ಹೇಗೆ ಕಳಚಿಕೊಳ್ತು ಅಂತ ಯಾರೂ ನಂಗೆ ಸರಿಯಾಗಿ ಹೇಳಿಲ್ಲ. ಡಾಕ್ಟ್ರು ಕಾಲಿಂದು ಹೇಳಿದ್ರು, ವಕೀಲ್ರು ಕಾನೂನಿಂದು ಹೇಳಿದ್ರು."

ಅವಳು ಹಲಗೆಯ ಮೇಲೆ ಚಾಸಿ, ತೋಳು, ಪಟ್ಟಿ, ತೂತುಗಳನ್ನು ಬರೆದಳು. ಪಿನ್ನು ಎಲ್ಲಿರಬೇಕು, ಬೋಲ್ಟು ಎಲ್ಲಿ ಕತ್ತರಿಸಿತು, ಗುಂಡಿನ ತುಂಡು ಪಟ್ಟಿಯಿಂದ ಹೇಗೆ ಜಾರಿತು, ಚೈನು ಚಾಸಿಗಿದ್ದಿದ್ದರೆ ಟ್ರೇಲರ್ ಹೇಗೆ ಗಾಡಿಯ ಹಿಂದೆಯೇ ಎಳೆದಾಡಿಕೊಂಡು ಬಂದು ನಿಲ್ಲುತ್ತಿತ್ತು ಎಲ್ಲ ಹೇಳಿದಳು. ಅವನು ಅಳತೆ ತೆಗೆಯುವವನ ಹಾಗೆ ತಲೆ ಒಂದು ಕಡೆ ವಾಲಿಸಿಕೊಂಡು ನೋಡಿದ.

"ಪಿನ್ನು ಎಷ್ಟು ದಪ್ಪ?"

ಅವಳು ತನ್ನ ಹೆಬ್ಬೆರಳು ತೋರಿಸಿದಳು. ಅವನು ಅದನ್ನೇ ನೋಡುತ್ತ ಕೂತಿದ್ದು, ಆಮೇಲೆ ಅಂಗೈಯಿಂದ ಹಲಗೆ ಒರೆಸಿದ.

"ಇನ್ನೊಂದು ವಿಷಯ. ಆ ದಿನ ನನ್ನ ಕೈಲಿ ಒಂದು ಚೀಲ ಇತ್ತು. ಅದರಲ್ಲಿ ಒಬ್ಬ ಗಿರಾಕಿಯ ಮದುವೆ ಕೋಟು. ಅದೇನಾಯ್ತು ಅಂತ ಯಾರಿಗೂ ಗೊತ್ತಿಲ್ಲ. ಅವನು ಆಸ್ಪತ್ರೆಗೆ ಬಂದಿದ್ದ. ಹೇಗಿದೀರ ಅಂತಷ್ಟೇ ಕೇಳಿದ. ಬಾಯಲ್ಲಿ ಕಾಲು, ಕಣ್ಣಲ್ಲಿ ಕೋಟು."

ಅವಳು ಪೊಲೀಸು ಠಾಣೆಗೆ ಹೋದಳು. ಮೊದಲ ಸಲ ಸಾಹೇಬರಿಲ್ಲ ಎಂದರು. ಎರಡನೇ ಸಲ ಬೀಗದ ಕೈ ಇರುವವನು ರಜೆ ಎಂದರು. ಮೂರನೇ ಸಲ ಅವಳು ಬೆಂಚಿನ ಮೇಲೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತಳು. ಕೊನೆಗೆ ಒಬ್ಬ ಹಿಂದಿನ ಉಗ್ರಾಣದಿಂದ ಚೀಟಿ ಕಟ್ಟಿದ ಬಟ್ಟೆಯ ಚೀಲ ತಂದುಕೊಟ್ಟ. ಅದನ್ನು ತೆಗೆದುಕೊಂಡು ನೇರವಾಗಿ ಮೆಟ್ಟಿಲ ಕೆಳಗಿನ ಅಂಗಡಿಗೆ ಹೋದಳು. ದರ್ಜಿ ಕೋಟನ್ನು ಹೊರತೆಗೆದು ಮೂಸಿದ. ಡೀಸಲ್ಲಿನ ವಾಸನೆ. ಬೆಳಕಿಗೆ ಹಿಡಿದು ಒಳಗಿನ ಹೊಲಿಗೆ, ಕಾಲರು, ಗುಂಡಿಯ ತೂತುಗಳನ್ನು ಒಂದೊಂದಾಗಿ ನೋಡಿದ. ಗಿರಾಕಿಯ ಮದುವೆ ಬೇರೆ ಕೋಟಿನಲ್ಲಿ ಮುಗಿದು ಎರಡು ತಿಂಗಳಾಗಿತ್ತು.

"ಕೆಲಸ ಚೆನ್ನಾಗಿ ಮಾಡಿದೀನಿ" ಎಂದ, ಬೇರೆ ಯಾರದೋ ಹೊಲಿಗೆಯ ಬಗ್ಗೆ ಹೇಳುವ ಹಾಗೆ. ಅದನ್ನು ಮೊಳೆಗೆ ನೇತುಹಾಕಿ ಯಂತ್ರದ ಮುಂದೆ ಕೂತ. ಅವಳು ಹೊರಟಾಗ ತಲೆಯಾಡಿಸಿದ.

ಆರು ತಿಂಗಳು ಮುಗಿದು ಮುದ್ರೆ ಕೈಗೆ ಬಂದ ದಿನ ಯಾರೂ ಬರುವುದಿಲ್ಲ ಎಂದುಕೊಂಡೇ ಶೆಡ್ಡಿನ ಬಾಗಿಲು ತೆರೆದಳು. ಬೆಳಿಗ್ಗೆ ಒಂಬತ್ತಕ್ಕೆ ನಾಲ್ಕು ಗಾಡಿ ಸಾಲಾಗಿ ನಿಂತಿದ್ದವು. ಸ್ವಂತ ತಮ್ಮನನ್ನೇ ಬಿಡದವಳು ಎಂಬ ಮಾತು ಊರೆಲ್ಲ ಸುತ್ತಿ ಬಂದಿತ್ತು. ಅದನ್ನೇ ಬೈಗುಳವಾಗಿ ಹೇಳುವವರಿದ್ದರು, ಅದನ್ನೇ ಭರವಸೆ ಮಾಡಿಕೊಂಡು ಗಾಡಿ ತರುವವರೂ ಇದ್ದರು. ಕೆಲವು ಸಲ ಇಬ್ಬರೂ ಒಬ್ಬರೇ. ಅವಳು ಅಳೆದಳು, ಬಿಗಿದಳು, ಎಳೆದು ನೋಡಿದಳು, ಕಾಗದ ಕೊಟ್ಟಳು. ಮೊಣಕಾಲಿನ ಜೋಕು ಮಾತ್ರ ಹೇಳುತ್ತಿರಲಿಲ್ಲ.

ಇಲಾಖೆಯ ಆ ಮೆಲುದನಿಯ ಅಧಿಕಾರಿ ಒಂದು ದಿನ ತಾವೇ ಬಂದರು. ಟ್ರೇಲರ್ ತಪ್ಪುಗಳಿಗೆ ದಂಡ ಬಿದ್ದವರಿಗೆ, ಲೈಸೆನ್ಸು ಕಳೆದುಕೊಂಡವರಿಗೆ ಶನಿವಾರ ಒಂದು ತರಗತಿ ನಡೆಸಬೇಕೆಂದಿದ್ದೇವೆ, ಅದರಲ್ಲಿ ಪಾಸಾಗದೆ ಲೈಸೆನ್ಸು ವಾಪಸ್ಸಿಲ್ಲ, ನೀವು ಕಲಿಸುತ್ತೀರಾ ಎಂದರು.

"ನನ್ನನ್ನೇ ಯಾಕೆ?"

"ನೀವು ಹೇಳಿದ್ರೆ ಕೇಳ್ತಾರೆ" ಎಂದರು. ಅದು ಹೊಗಳಿಕೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಒಪ್ಪಿಕೊಂಡಳು.

ಎರಡು ವರ್ಷದ ರದ್ದತಿ ಮುಗಿಯುವ ಹೊತ್ತಿಗೆ ಒಂದು ಶನಿವಾರದ ಪಟ್ಟಿಯಲ್ಲಿ ಹದಿನೆಂಟು ಜನರ ಹೆಸರಿತ್ತು. ಹನ್ನೊಂದನೆಯದು ತಮ್ಮನದು. ಜೈಲಿನಿಂದ ಬಂದ ಮೇಲೆ ಅವನು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ ಮಾಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ನೋಡಿರಲಿಲ್ಲ. ಅವನು ಬಂದು ಕೊನೆಯ ಸಾಲಿನಲ್ಲಿ ಕೂತ. ತೆಳ್ಳಗಾಗಿದ್ದ. ಕಿವಿಯ ಮೇಲೆ ಕೂದಲು ಬಿಳಿಯಾಗಿತ್ತು.

ಅವಳು ಪ್ರತಿ ಶನಿವಾರ ಹೇಳುವುದನ್ನೇ ಹೇಳಿದಳು. ತಗಡಿನ ಮುದ್ರೆ ಓದುವುದು ಹೇಗೆ, ಮೂತಿ ಮೇಲಾದರೆ ಟ್ರೇಲರ್ ಯಾಕೆ ಬಾಲ ಬೀಸುತ್ತದೆ, ಮೂತಿ ಕೆಳಗಾದರೆ ಗಾಡಿಯ ಮುಂದಿನ ಚಕ್ರ ಯಾಕೆ ಹಗುರಾಗುತ್ತದೆ ಎಂದು ವಿವರಿಸಿದಳು. ಆಮೇಲೆ ಎಲ್ಲರನ್ನೂ ಕೆಳಗೆ ಅಂಗಳಕ್ಕೆ ಕರೆದುಕೊಂಡು ಹೋಗಿ, ನಿಂತಿದ್ದ ಗಾಡಿಗೆ ಒಬ್ಬೊಬ್ಬರಿಂದಲೂ ಟ್ರೇಲರ್ ಕಟ್ಟಿಸಿದಳು. ತಮ್ಮನ ಸರದಿ ಬಂದಾಗ ಉಳಿದವರು ಹತ್ತಿರ ಸರಿದು ನಿಂತರು. ಅವರಿಗೆ ಗೊತ್ತಿತ್ತು. ಅವನು ಅಳತೆ ಕೋಲು ಹಿಡಿದು ನೆಲದಿಂದ ಅಳೆದ. ತುಂಡನ್ನು ಒಂದು ತೂತು ಕೆಳಗಿಳಿಸಿ ಪಿನ್ನು ತೂರಿಸಿ, ಕ್ಲಿಪ್ಪು ಹಾಕಿ, ಚೈನನ್ನು ಅಡ್ಡಡ್ಡ ದಾಟಿಸಿ ಚಾಸಿಗೆ ಸಿಕ್ಕಿಸಿದ.

"ಎಷ್ಟು ಬಂತು?" ಎಂದು ಅವಳು ಕೇಳಿದಳು.

"ಮೂವತ್ತೊಂಬತ್ತು."

"ಎಳೆದು ನೋಡಿದ್ಯಾ?"

"ನೋಡಿದೆ."

"ಇನ್ನೊಂದ್ಸಲ ನೋಡು."

ಅವನು ಇನ್ನೊಂದು ಸಲ ಎಳೆದು ನೋಡಿದ. ಅವಳು ಪಟ್ಟಿಯಲ್ಲಿ ಹನ್ನೊಂದರ ಮುಂದೆ ಗುರುತು ಹಾಕಿ, "ಮುಂದಿನವರು ಬನ್ನಿ" ಎಂದಳು.

ತರಗತಿ ಮುಗಿದು ಅವಳು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಅವನು ಬಂದು ಪಕ್ಕದಲ್ಲಿ ನಿಂತ.

"ಮೊದಲು ನಿನ್ನ ಮೇಲೆ ಹಾಕಿದ್ದು…"

"ಗೊತ್ತು."

"ಅಷ್ಟೇ ಹೇಳಬೇಕಾಗಿತ್ತು." ಅವನೂ ಕೈ ತೊಳೆದುಕೊಂಡ. "ಅಮ್ಮನಿಗೆ ಮಂಡಿ ಹಿಡ್ಕೊಂಡಿದೆ. ಮಂಚ ಬಿಟ್ಟು ಇಳಿಯಲ್ಲ. ನಾಳೆ ಬಾ."

"ಅಮ್ಮ ಕರೆದ್ಲಾ?"

"ಇಲ್ಲ. ನಾನು ಕರೀತಿದೀನಿ."

ಮರುದಿನ ಮೂರು ಗಂಟೆಗೆ ಹೋದಳು. ಊಟದ ಹೊತ್ತು ಬೇಡ ಎಂದು ಬೇಕೆಂದೇ ತಡಮಾಡಿದ್ದಳು. ಅಮ್ಮ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ಮಂಡಿಗೆ ಬಿಗಿಯಾದ ಪಟ್ಟಿ ಸುತ್ತಿತ್ತು. ಮಗಳನ್ನು ನೋಡಿದಳು, ಗೋಡೆಯ ಕಡೆ ತಿರುಗಿದಳು. ಎದ್ದು ಬೇರೆ ಕೋಣೆಗೆ ಹೋಗುವಂತಿರಲಿಲ್ಲ. ತಮ್ಮನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಅಕ್ಕ ಬಾಗಿಲ ಬಳಿಯೇ ನಿಂತಿದ್ದಳು. ಏನು ಅನಿಸಬೇಕೋ ಅದು ಬರುತ್ತದೇನೋ ಎಂದು ಕಾದಳು. ಏನೂ ಬರಲಿಲ್ಲ. ಎದುರು ಹೊಸದಾಗಿ ಎದ್ದಿದ್ದ ಕಟ್ಟಡದ ಗಾಜಿಗೆ ಬಿಸಿಲು ಬಡಿದು, ಅದರ ಮಿಂಚು ಕಿಟಕಿಯಿಂದ ನೇರ ಅಮ್ಮನ ಮುಖಕ್ಕೆ ಬೀಳುತ್ತಿತ್ತು. ಅಮ್ಮ ಕಣ್ಣು ಕಿರಿದು ಮಾಡಿಕೊಂಡಿದ್ದಳು.

"ಈ ಬೆಳಕು ದಿನಾ ಮೂರಕ್ಕೆ ಬರುತ್ತೆ" ಎಂದು ಅಮ್ಮ ಗೋಡೆಗೆ ಹೇಳಿದಳು. "ಮಂಚ ಆ ಕಡೆ ಹಾಕಿ ಅಂತ ಎಷ್ಟು ದಿನದಿಂದ ಬಡ್ಕೋತಿದೀನಿ. ಈ ಮನೇಲಿ ಒಬ್ಬನ ಕೈಲಿ ಆಗಲ್ಲ, ಇನ್ನೊಬ್ಬಳು ಕೆಲಸಕ್ಕೆ ಹೋಗ್ತಾಳೆ."

ತಮ್ಮ ಅಕ್ಕನ ಮುಖ ನೋಡಿದ. ಅವಳು ಚೀಲವನ್ನು ನೆಲಕ್ಕಿಟ್ಟು ಮಂಚದ ತಲೆಯ ಕಡೆಗೆ ಹೋದಳು. ಅವನು ಕಾಲಿನ ಕಡೆ ನಿಂತ.

"ಇಳಿಯಮ್ಮ, ಒಂದು ನಿಮಿಷ" ಎಂದ.

"ಯಾಕೆ ಇಳೀಲಿ? ಇಬ್ಬರಿದೀರಲ್ಲ."

ಅಮ್ಮ ದಿಂಬನ್ನು ತಬ್ಬಿಕೊಂಡು ಗಟ್ಟಿಯಾಗಿ ಕೂತಳು. ಇಬ್ಬರೂ ಬಗ್ಗಿ ಚೌಕಟ್ಟಿಗೆ ಕೈ ಹಾಕಿ, ಒಟ್ಟಿಗೆ ಎತ್ತಿದರು. ಮಂಚ ಒಂದು ಕಡೆ ವಾಲಿತು. ಅಮ್ಮ ಕೈ ಚಾಚಿ ಸಿಕ್ಕಿದ್ದನ್ನು ಹಿಡಿದುಕೊಂಡಳು. ಸಿಕ್ಕಿದ್ದು ಮಗಳ ಭುಜ. ನಾಲ್ಕು ಹೆಜ್ಜೆ ಸರಿದು, ಬಾಗಿಲಿಗೆ ತಾಗದಂತೆ ತಿರುಗಿಸಿ, ಗೋಡೆಯ ಪಕ್ಕಕ್ಕೆ ಇಳಿಸಿದರು. ಬೆಳಕು ಈಗ ಅಮ್ಮನ ಪಾದದ ಮೇಲೆ ಬೀಳುತ್ತಿತ್ತು.

"ಇನ್ನೂ ಒಂದು ಗೇಣು" ಎಂದಳು ಅಮ್ಮ, ಹಿಡಿದ ಭುಜ ಬಿಡದೆ.

ಅವರು ಮತ್ತೆ ಬಗ್ಗಿದರು.